ಹತ್ತು ಹೆಜ್ಜೆಗೊಮ್ಮೆ

"ಸಿನಿಮಾದಲ್ಲಿ ನಡೆಯೂ ಆ ಜೀವಿ ಮನುಷ್ಯ ಅಲ್ಲ ಬೀರಕ್ಕಾ. ಎಲ್ಲಾ ಕಂಪ್ಯೂಟರಲ್ಲಿ ಮಾಡಿದ್ದು. ಮುಂಬಯಿಯ ಒಬ್ಬ ಡಾನ್ಸರ್ ಸ್ಟುಡಿಯೋದಲ್ಲಿ ನಡೆದು ತೋರ್ಸಿದ್ನಂತೆ," ಎಂದ ರೋಷನ, ಕ್ಯಾಮೆರಾದ ಮೂರು ಕಾಲುಗಳನ್ನು ಅಂಗಳದಲ್ಲಿ ಊರುತ್ತ.

ಬೀರಿ ಜಗಲಿಯಲ್ಲಿ ಕೂತು, ಪೊರಕೆ ಕಟ್ಟಲು ತೆಂಗಿನ ಗರಿಯಿಂದ ಕಡ್ಡಿ ಹೆರೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಹಾಂಗಾರೆ ನನ್ನ ಹತ್ರ ಕೇಳೂಕೆ ಎಂತ ಅದೆ ತಮಾ?"

ಮೂರು ವರ್ಷದ ಹಿಂದೆ ಮಂಜಗುಣಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಗೆ ಬೇರೆ ಗ್ರಹದ ಕತೆಯ ಸಿನಿಮಾದವರು ಬಂದಿದ್ದರು. ಅವರಿಗೆ ಜನ, ಗಾಡಿ, ಊಟ ಎಲ್ಲ ಹೊಂದಿಸಿಕೊಟ್ಟವನು ಕಾರವಾರದ ಈ ರೋಷನ. ನಿರ್ದೇಶಕರ ಹಿಂದಿಯನ್ನು ಕನ್ನಡ ಮಾಡಿ ಕೂಗುವ ಕೆಲಸವೂ ಅವನದೇ ಆಗಿತ್ತು. ಸಿನಿಮಾ ಹೋದ ವರ್ಷ ತೆರೆಕಂಡು ಹೆಸರು ಮಾಡಿತು. ಈಗ ಅವನು ಅದರ 'ಯಾರಿಗೂ ಗೊತ್ತಿಲ್ಲದ ಹತ್ತು ಸಂಗತಿ' ಎಂಬ ವಿಡಿಯೋ ಮಾಡಲು ಹೊರಟಿದ್ದ. ಯಾರಿಗೂ ಗೊತ್ತಿಲ್ಲದ ಆ ಸಂಗತಿಗಳಲ್ಲಿ ಒಂಬತ್ತನ್ನು ಇಂಟರ್ನೆಟ್ಟಿನಿಂದಲೇ ಎತ್ತಿದ್ದ. ಉಳಿದ ಒಂದು ಬೀರಿಯ ಗಂಡ ನಾಗುವಿನದು.

"ನಾಗಣ್ಣನ್ನ ಹ್ಯಾಂಗೆ ಆರ್ಸಿದ್ರು, ಅಷ್ಟು ಹೇಳಿ ಸಾಕು. ಜನ ನಗಾಡಬೇಕು."

ನಗಾಡುವಂಥದ್ದೇ ಅದು. ಆ ಗ್ರಹದ ನೆಲ ಅಂದರೆ ನೀರು ಇಳಿದಾಗ ಬಯಲಾಗುವ ಈ ಅಳಿವೆಯ ಕೆಸರು. ಅದರ ಮೇಲೆ ಆ ಗ್ರಹದ ಕಟ್ಟಕಡೆಯ ಜೀವಿ ನಡೆದುಹೋಗಬೇಕಿತ್ತು. ಕಾರವಾರದ ಜಿಮ್ಮಿನ ಪೈಲ್ವಾನ ನಾಲ್ಕು ಹೆಜ್ಜೆಗೆ ಮೊಣಕಾಲವರೆಗೆ ಇಳಿದ. ಹೈದರಾಬಾದಿನ ಫೈಟರ್ ಸೊಂಟದವರೆಗೆ ಹೂತುಹೋಗಿ, ಅವನನ್ನು ಹಗ್ಗ ಕಟ್ಟಿ ಎಳೆಯಬೇಕಾಯಿತು. ಆ ಗಲಾಟೆಯ ಪಕ್ಕದಲ್ಲೇ ನಾಗು, ತನ್ನ ಪಾಡಿಗೆ ತಾನು, ಕೆಸರಿನಿಂದ ಆರಿಸಿದ ಬಳಚು ಚಿಪ್ಪಿನ ಬುಟ್ಟಿ ಹೊತ್ತು ಮನೆಯ ಅಂಗಳದಲ್ಲಿ ನಡೆದಂತೆ ನಡೆದುಹೋದ. ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತರಂತೆ. ಮರುದಿನವೇ ನಾಗುವಿಗೆ ಪೌಡರ್ ಬಳಿದು, ಬೂದು ಬಣ್ಣದ ರಬ್ಬರಿನ ಚರ್ಮ ತೊಡಿಸಿದರು. ಉಸಿರಾಡಲು ಗಂಟಲ ಹತ್ತಿರ ಒಂದು ತೂತು. ಅವನು ಬಾಯಲ್ಲಿದ್ದ ಎಲೆಅಡಿಕೆಯ ಕವಳವನ್ನು ಆ ತೂತಿನಿಂದಲೇ ಉಗುಳಿದಾಗ, ರಕ್ತ ಬಂತೆಂದು ಮೇಕಪ್ಪಿನವಳು ಚೀರಿದಳು.

ಬೀರಿ ಇದನ್ನೆಲ್ಲ ಕ್ಯಾಮೆರಾದ ಮುಂದೆ ಹೇಳಿದಳು. ರೋಷನ ನಕ್ಕ. ಅವಳೂ ಸ್ವಲ್ಪ ನಕ್ಕಳು. ಆದರೆ ಶೂಟಿಂಗಿನ ನಾಲ್ಕನೆಯ ದಿನದ ಮಾತು ಬಂದಾಗ ಕೈಯ ಕತ್ತಿ ನಿಂತಿತು.

ಆ ದಿನ ನಾಗು ಹೊತ್ತಿಗೆ ಮುಂಚೆ ಮನೆಗೆ ಬಂದಿದ್ದ. ಕಿವಿಯ ಸಂದಿಯಲ್ಲಿ ಇನ್ನೂ ಪೌಡರ್ ಇತ್ತು. "ನಾ ಕೆಡ್ಸಿಬಿಟ್ಟೆ ಬೀರೀ. ಬರಬೇಡ ಅಂದ್ರು," ಎಂದಷ್ಟೇ ಹೇಳಿ ಬಾವಿಕಟ್ಟೆಗೆ ಹೋದ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಊರವರು ಕೆಣಕಿದರೆ ದಾರಿ ಬದಲಿಸುತ್ತಿದ್ದ. ಮರುವರ್ಷದ ಆಷಾಢದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ತಾನು ಕೈ ಹಾಕಿದ ಕೆಲಸವನ್ನು ಕೆಡಿಸಿದೆ ಎಂದುಕೊಂಡೇ ಹೋದನಲ್ಲ ಎಂಬುದು ಬೀರಿಯನ್ನು ಅವನ ಸಾವಿನಷ್ಟೇ ಕೊರೆಯುತ್ತಿತ್ತು. ಅಂಕೋಲೆಗೆ ಸಿನಿಮಾ ಬಂದಾಗ ಅವಳು ಹೋಗಲಿಲ್ಲ. ಇಲ್ಲದ ಗಂಡನನ್ನು ಇಲ್ಲದ ಕಡೆ ಹುಡುಕುವುದು ಯಾಕೆ ಎನಿಸಿತ್ತು. ಅವನು ಹೋದ ಮೇಲೆ ಕೆಸರಿಗೂ ಅವಳು ಇಳಿದಿರಲಿಲ್ಲ.

"ಕೆಡ್ಸಿದ್ದು ಎಂತ, ನಿಂಗೆ ಗೊತ್ತದೆ ಅಲ್ಲ?" ಎಂದು ರೋಷನನನ್ನೇ ಕೇಳಿದಳು.

ರೋಷನ ಕತ್ತು ತುರಿಸಿಕೊಂಡ. "ಹಿಂದೆ ತಿರುಗಿ ನೋಡ್ತಿದ್ದ ಅಕ್ಕಾ. ಎಷ್ಟು ಹೇಳಿದ್ರೂ ಹತ್ತು ಹೆಜ್ಜೆಗೊಮ್ಮೆ ತಿರುಗೂದೇ. ನಂಗೆ ಮೈಕಲ್ಲಿ ಕೂಗಿ ಕೂಗಿ ಸಾಕಾಯ್ತು. 'ನಾಗಣ್ಣಾ, ನಿನ್ನ ಹಿಂದೆ ಯಾರೂ ಇಲ್ಲ, ತಿರುಗಬೇಡ' ಹೇಳಿ."

"ನಾ ದಡದ ಗಾಳಿಮರದ ಹತ್ರ ನಿಂತಿದ್ದೆ. ಕೇಳ್ತಿತ್ತು."

ಕೆಸರಿನಲ್ಲಿ ಬಳಚಿಗೆ ಹೋಗುವವರ ಕ್ರಮವೇ ಹಾಗೆ. ಮುಂದಿನವರು ಕಾಲಿನಿಂದ ಗಟ್ಟಿ ನೆಲ ಹುಡುಕಬೇಕು, ಹಿಂದಿನವರು ಅದೇ ಹೆಜ್ಜೆಯಲ್ಲಿ ಹೆಜ್ಜೆ ಇಡಬೇಕು. ಹತ್ತು ಹೆಜ್ಜೆಗೊಮ್ಮೆ ಮುಂದಿನವರು ತಿರುಗಿ ನೋಡುತ್ತಾರೆ. ಹಿಂದಿನವರು "ಹೂಂ" ಅನ್ನಬೇಕು. ಅನ್ನದಿದ್ದರೆ ಹೂತರು ಎಂದೇ ಲೆಕ್ಕ. ಮೂವತ್ತೊಂದು ವರ್ಷ ನಾಗು ಮುಂದೆ, ಬೀರಿ ಹಿಂದೆ. ಶೂಟಿಂಗಿನವರು ದಡದಲ್ಲಿ ಅಡ್ಡ ಹಗ್ಗ ಕಟ್ಟಿ ಅವಳನ್ನು ಅದರಾಚೆ ನಿಲ್ಲಿಸಿದ್ದರು. ಅಲ್ಲಿಂದ "ಹೂಂ" ಅಂದರೆ ಕೇಳುವುದಾದರೂ ಹೇಗೆ? ಆದರೂ ಅವನು ತಿರುಗಿದಾಗಲೆಲ್ಲ ಅವಳು ಸೆರಗು ಬಾಯಿಗೆ ಒತ್ತಿ ಅಂದಿದ್ದಳು.

ರೋಷನನಿಗೆ ಇದು ಗೊತ್ತಿರಲಿಲ್ಲ. ಅವನು ಕೆಲಸ ಮುಗಿಸುವ ದನಿಯಲ್ಲಿ, "ಆ ದೃಶ್ಯ ಒಂದು ನೋಡಿ ಅಕ್ಕಾ. ನೀವು ನೋಡ್ತಿರೂದನ್ನ ನಾ ತೆಗೀತೆ. ಚಂದ ಅದೆ ಹೇಳಿ, ಮುಗೀತು," ಎಂದು ಮೊಬೈಲನ್ನು ಅವಳ ಅಂಗೈಯಲ್ಲಿಟ್ಟ.

ಎರಡು ಚಂದ್ರರಿದ್ದ ಆಕಾಶ. ಕೆಳಗೆ ಅವಳ ಅಳಿವೆ, ಆದರೆ ಆಚೆ ದಡವಿಲ್ಲ, ದೋಣಿಗಳಿಲ್ಲ. ಉದ್ದ ಕುತ್ತಿಗೆಯ ಬೂದು ಜೀವಿಯೊಂದು ಬೆನ್ನು ಹಾಕಿ ಹೋಗುತ್ತಿತ್ತು. ಬೀರಿ ಕಣ್ಣು ಕಿರಿದು ಮಾಡಿ ನೋಡಿದಳು. ಜೀವಿ ನಿಂತಿತು. ಎಡ ಹೆಗಲ ಮೇಲಿಂದ ತಿರುಗಿತು. ತಿರುಗಿ, ಎಡಗೈಯನ್ನು ಸೊಂಟದ ಮಟ್ಟಕ್ಕೆ ತಂದು, ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿತು. ಇಲ್ಲಿ ಮೆತ್ತಗದೆ, ನಿಧಾನ ಎಂದು.

"ಹೂಂ," ಎಂದಳು ಬೀರಿ.

"ನಡುವೆ ಮಾತಾಡಬೇಡಿ ಅಕ್ಕಾ, ದನಿ ಬೀಳ್ತದೆ. ಮತ್ತೊಮ್ಮೆ."

ಮತ್ತೊಮ್ಮೆ ಹಾಕಿದ. ಜೀವಿ ತಿರುಗಿತು, ಕೈ ಒತ್ತಿತು.

"ಹೂಂ."

"ಬೀರಕ್ಕಾ!" ರೋಷನ ರೇಗಿ ಕ್ಯಾಮೆರಾದ ಹಿಂದಿನಿಂದ ಬಂದ. "ಈ ತಿರುಗೂದೇ ನನ್ನ ಒಂಬತ್ತನೇ ಸಂಗತಿ. ನಿರ್ದೇಶಕ್ರು ಒಂದು ತಿಂಗಳು ವಿಚಾರ ಮಾಡಿ ಇದನ್ನ ಹಾಕಿದ್ರಂತೆ. ಎಲ್ಲಾರೂ ಅಳೂದು ಇಲ್ಲೇ..." ಎನ್ನುತ್ತಿದ್ದವನ ಮಾತು ಅಲ್ಲೇ ನಿಂತಿತು. ಬಗ್ಗಿ ಮೊಬೈಲು ನೋಡಿದ. ಆ ಕೈಯನ್ನು ಅವನೂ ದಡದಿಂದ ನೋಡಿದ್ದ, ಮೈಕು ಹಿಡಿದುಕೊಂಡು, ಒಂದು ಸಲವಲ್ಲ.

"ಇದು ಡಾನ್ಸರಿಗೆ ಯಾರು ಹೇಳಿಕೊಟ್ರು ತಮಾ?"

ರೋಷನ ದೃಶ್ಯವನ್ನು ಹಿಂದೆ ಸರಿಸಿ, ಆ ಕೈಯ ಮೇಲೆ ನಿಲ್ಲಿಸಿದ. "ಕೆಡಿಸ್ಲಿಲ್ಲ ಅಕ್ಕಾ, ಅಂವ ಕೆಡಿಸ್ಲಿಲ್ಲ," ಎಂದ. ಮತ್ತೆ, "ಆದ್ರೆ ಸಿನಿಮಾದ ಹೆಸರಿನ ಪಟ್ಟಿಯಲ್ಲಿ ಅಂವ ಇಲ್ಲ. ಮೋರೆ ಕಾಣೂದಿಲ್ಲ. ನಾ ಹೇಳಿದ್ರೆ ಯಾರು ನಂಬ್ತ್ರು?"

"ಯಾರೂ ನಂಬೂದು ಬ್ಯಾಡ."

ಅವನು ಕ್ಯಾಮೆರಾ ನಿಲ್ಲಿಸಿ ಮೊಬೈಲಿಗೆ ಕೈಚಾಚಿದ. ಬೀರಿ ಕೊಡಲಿಲ್ಲ. ಪರದೆಯಲ್ಲಿ ಜೀವಿ ಕೈ ಕೆಳಗೆ ಮಾಡಿ, ತಿರುಗಿದಂತೆಯೇ ನಿಂತುಬಿಟ್ಟಿತ್ತು.

"ಇದನ್ನ ಮುಂದೆ ಬಿಡು," ಎಂದಳು. "ನಾ ಹೂಂ ಅಂದಾಯ್ತು. ಅಂವ ಹೋಗ್ಲಿ."

ರೋಷನ ಬೆರಳು ತಾಗಿಸಿದ. ನಾಗು ಮುಂದೆ ತಿರುಗಿ ನಡೆದ. ಅವನು ಸಣ್ಣದಾಗುತ್ತ ಹೋದಂತೆ ಕೆಸರಿನಲ್ಲಿ ಒಂದೇ ಸಾಲಿನ ಹೆಜ್ಜೆಗಳು ಉಳಿದವು. ಬೀರಿ ನೋಡುತ್ತಿದ್ದಂತೆ ಅವುಗಳಲ್ಲಿ ಒಂದೊಂದಾಗಿ ನೀರು ತುಂಬಿತು.