ಯಾರೂ ಇಲ್ಲದವಳ ಭಾಷಣ

"ಹೀಗೆ ಕಲ್ಲುಗುಂಡಿನ ಥರ ನಿಂತ್ರೆ ನೀನು ಅನಾಥೆ ಅಂತ ಯಾರು ಕಣೇ ನಂಬ್ತಾರೆ? ಗೋಡೆ ಕುಸಿದು ಅಪ್ಪ ಅಮ್ಮ ಸತ್ರು ಅನ್ನೋವಾಗ ಗಂಟಲು ಕಟ್ಬೇಕು."

ತರಬೇತಿ ಮೇಡಂ ಹೀಗೆ ಬೈಯುತ್ತಲೇ ಹುಡುಗಿಯ ಕಾಲರಿಗೆ ತಂತಿಯಿಲ್ಲದ ಮೈಕು ಸಿಕ್ಕಿಸಿದಳು. ಅವಳನ್ನು ಓದಿಸುವ ಟ್ರಸ್ಟು ಫೀಸಿನ ಜೊತೆ ನಾಯಕತ್ವದ ತರಬೇತಿಯನ್ನೂ ಕೊಡುತ್ತಿತ್ತು. ಕೊನೆಯ ಸಾಲಿಗೂ ಕೇಳುವಂತೆ ಮಾತಾಡುವುದು, ಎದೆ ಎತ್ತಿ ನಿಲ್ಲುವುದು, ವರ್ಷಕ್ಕೊಮ್ಮೆ ದಾನಿಗಳ ಮುಂದೆ ಅಳುವುದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದಂತೆ. ಕೊಡುವವರು ಮಾತ್ರ ಇಸಿದುಕೊಂಡವರ ಹಲ್ಲು, ಹೊಟ್ಟೆ, ಕಣ್ಣೀರು ಎಲ್ಲವನ್ನೂ ಎಣಿಸಬಹುದು. ಹುಡುಗಿಗೆ ಈಗೀಗ ಅಳು ಬರುತ್ತಿರಲಿಲ್ಲ. ಸಿಟ್ಟೂ ಬರುತ್ತಿರಲಿಲ್ಲ.

ಅವಳನ್ನು ಸಾಕಿದ ದೊಡ್ಡಮ್ಮ ಟ್ರಸ್ಟಿನ ಇದೇ ಸಭಾಭವನದಲ್ಲಿ ಪಾತ್ರೆ ತೊಳೆಯುವವಳು. ಇವತ್ತು ರಜೆ ಹಾಕಿ, ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು, ಮಗಳ ಭಾಷಣ ಕೇಳಲು ಮೊದಲ ಸಾಲಿನಲ್ಲಿ ಕೂತುಬಿಟ್ಟಿದ್ದಳು. ಅನಾಥರ ಸಭೆಯಲ್ಲಿ ಮನೆಯವರಿಗೆ ಕುರ್ಚಿ ಇರುವುದಿಲ್ಲ ಎಂದು ಅವಳಿಗೇನು ಗೊತ್ತು?

ದಾನಿಗಳಿಗಿಂತ ಮುಂಚೆ ಬಂದ ಟ್ರಸ್ಟಿನ ಯಜಮಾನ ಕುರ್ಚಿಯ ಕಾಲಿಗೆ ಒದ್ದ.

"ಏಯ್ ಮುಸುರೆ ಮುದುಕಿ, ಏಳು. ಇವಳಿಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ದಾನಿಗಳಿಗೆ ಹೇಳಿದೀನಿ. ನೀನು ಬಂದು ವಕ್ಕರಿಸಿದ್ರೆ ನನ್ನ ಮಾನ ಏನಾಗ್ಬೇಕು?"

"ನಾನು ಇವಳ ದೊಡ್ಡಮ್ಮ, ಸ್ವಾಮಿ."

"ಯಾರಾದ್ರೇನು? ಹಿತ್ತಲಲ್ಲಿ ತಟ್ಟೆ ಬಿದ್ದಿವೆ, ಹೋಗಿ ತಿಕ್ಕು." ಆಮೇಲೆ ಹುಡುಗಿಯ ಕಡೆ ತಿರುಗಿದ. "ಕೊನೇ ವರ್ಷದ ಫೀಸು ಬೇಕೋ, ಈ ಮುದುಕಿ ಬೇಕೋ?"

ದೊಡ್ಡಮ್ಮನೇ ಎದ್ದಳು.

"ನಾನಿಲ್ಲ ಅಂತ್ಲೇ ಹೇಳು ಮಗಾ. ಓದು ಮುಗೀಲಿ," ಎಂದು ಅವಳ ಬೆನ್ನು ಸವರಿ ಹಿತ್ತಲಿಗೆ ಹೋದಳು.

ದಾನಿಗಳು ಬಂದು ಕೂತ ಮೇಲೆ ಮೇಡಂ ಮೈಕಿನ ಗುಂಡಿ ಒತ್ತಿದಳು. ವೇದಿಕೆಯ ಮೇಲೆ ಗೋಡೆ ಕುಸಿಯಿತು, ಅಪ್ಪ ಸತ್ತ, ಅಮ್ಮ ಸತ್ತಳು. ಬಾಯಿಪಾಠ ಸಲೀಸಾಗಿ ಬಂತು. ದಾನಿಗಳು ಮೂಗೊರೆಸಿಕೊಂಡರು. ಇನ್ನು ಉಳಿದದ್ದು ಒಂದೇ ಮಾತು, ನನಗೆ ಯಾರೂ ಇಲ್ಲ ಎನ್ನುವುದು. ಬಾಯಿ ತೆರೆದಾಗ ಹಿತ್ತಲಲ್ಲಿ ತಟ್ಟೆಯ ಮೇಲೆ ತಟ್ಟೆ ಬಿದ್ದ ಸದ್ದಾಯಿತು.

ಹುಡುಗಿ ಬಾಯಿ ಮುಚ್ಚಿದಳು. ಮೆಟ್ಟಿಲಿಳಿದು, ಮೊದಲ ಸಾಲು ದಾಟಿ, ಪಕ್ಕದ ಬಾಗಿಲಿನಿಂದ ಹೊರಗೆ ನಡೆದಳು. ಶೌಚಕ್ಕೆ ಹೊರಟಳೇನೋ ಎಂದು ಯಾರೂ ತಡೆಯಲಿಲ್ಲ.

ದೊಡ್ಡಮ್ಮ ಒಳ್ಳೆಯ ಬಟ್ಟೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು ತಿಕ್ಕುತ್ತಿದ್ದಳು.

"ಮುಗೀತಾ? ಕಣ್ಣೀರು ಬಂತಾ?"

"ಇಲ್ಲ." ಹುಡುಗಿ ಪಕ್ಕದಲ್ಲಿ ಕುಕ್ಕರಿಸಿ ಒಂದು ತಟ್ಟೆ ಎಳೆದುಕೊಂಡಳು. "ಯಜಮಾನ ನಿಂಗೆ ಏನಂದ ದೊಡ್ಡಮ್ಮ?"

"ಕೇಳಿಸ್ಕೊಂಡಿಲ್ವಾ ನೀನು?"

"ಮತ್ತೆ ಹೇಳು. ಜೋರಾಗಿ ಹೇಳು."

ನುಂಗಿಕೊಂಡಿದ್ದೆಲ್ಲ ದೊಡ್ಡಮ್ಮನ ಬಾಯಿಗೆ ಬಂತು. "ಮುಸುರೆ ಮುದುಕಿ ಅಂದ, ಬೇವರ್ಸಿ ನನ್ಮಗ. ಇವನ ಎಂಜಲು ತೊಳೆದೇ ಅಲ್ವಾ ನಿಂಗೆ ಅನ್ನ ಹಾಕಿದ್ದು? ಹಾಲು ಕುಡಿಯೋ ಕೂಸನ್ನ ಎದೆಗವಚಿಕೊಂಡು ಸಾಕಿದೀನಿ. ಈ ಹಲ್ಕಾ ಈಗ ಅನಾಥೆ ಅಂತ ಬೋರ್ಡು ಹಾಕಿ ಮಾರ್ತಾನೆ. ಯಾಕೆ, ನಾನು ಸತ್ತಿದೀನಾ?"

ಸತ್ತಿದೀನಾ ಎಂದು ಸಭಾಭವನದ ಒಳಗಿನಿಂದ ಅವಳದೇ ದನಿ ಇನ್ನೂ ದೊಡ್ಡದಾಗಿ ಕೇಳಿಸಿತು. ದೊಡ್ಡಮ್ಮನ ಕೈ ನಿಂತಿತು. ಅವಳ ಕಣ್ಣು ಹುಡುಗಿಯ ಕಾಲರಿನ ಮೇಲಿದ್ದ ಕರಿ ಮೈಕಿಗೆ ಹೋಯಿತು.

"ಅಯ್ಯೋ, ನಿನ್ನ ಫೀಸು ಕಣೇ," ಎಂದಳು. ಅದೂ ಒಳಗೆ ಕೇಳಿಸಿತು.

ತರಬೇತಿ ಮೇಡಂ ಓಡಿ ಬರುವ ಚಪ್ಪಲಿಯ ಸದ್ದು ಹತ್ತಿರವಾಯಿತು. ಹುಡುಗಿ ತಿಕ್ಕಿದ ತಟ್ಟೆಯನ್ನು ನೀರಿಗೆ ಹಾಕಿ, ಇನ್ನೊಂದನ್ನು ಎಳೆದುಕೊಂಡಳು.

"ನಿಲ್ಲಿಸ್ಬೇಡ ದೊಡ್ಡಮ್ಮ. ಮುಂದಕ್ಕೆ ಹೇಳು."