ಮೇಳದಿಂದ ಹೊರಗೆ

ಅಥೆನ್ಸಿನಲ್ಲಿ ಹಬ್ಬದ ನಾಟಕದ ಮೇಳದಲ್ಲಿ ಕುಣಿಯುವ ಹಕ್ಕು ನಾಗರಿಕರಿಗೆ ಮಾತ್ರ. ನಾಗರಿಕನಾಗಲು ತಂದೆತಾಯಿ ಇಬ್ಬರೂ ಅಥೆನ್ಸಿನ ಮನೆತನದವರಾಗಿರಬೇಕು. ಕುಂಬಾರ ಆರ್ಕಿಪ್ಪೋಸ್ ಆ ವರ್ಷ ಮೇಳದ ಮುಂದಾಳು. ಪಕ್ಕದಲ್ಲಿ ಕುಣಿಯುತ್ತಿದ್ದ ಫೈನಿಯಾಸ್ ಅವನ ಬಾಲ್ಯದ ಗೆಳೆಯ, ಅವನ ತಾಯಿಯ ಕೈತುತ್ತು ತಿಂದು ಬೆಳೆದವನು.

ಹಬ್ಬ ಹತ್ತಿರವಾದಾಗ ಎದುರು ಮೇಳದವರು ದೂರು ಕೊಟ್ಟರು: ಆರ್ಕಿಪ್ಪೋಸನ ತಾಯಿ ಆಂಡ್ರೋಸ್ ದ್ವೀಪದವಳು, ಆದ್ದರಿಂದ ಅವನು ನಾಗರಿಕನಲ್ಲ. ಆಕೆ ಅಲ್ಲಿ ಹುಟ್ಟಿದ್ದು ನಿಜ. ಆದರೆ ಆಕೆಯ ತಂದೆ ಟಿಮೊಡೆಮೋಸ್ ಅಲ್ಲಿ ಜಮೀನು ಪಡೆದು ನೆಲೆಸಿದ್ದ ಅಥೆನ್ಸಿನ ಸೈನಿಕ. ಸಾಯಲು ಮಾತ್ರ ಊರಿಗೆ ಮರಳಿದ್ದ. ಅವನ ಹೆಸರು ಕೆತ್ತಿದ್ದ ಸಮಾಧಿಯ ಕಲ್ಲು ಯುದ್ಧದಲ್ಲಿ ಪುಡಿಯಾಗಿತ್ತು. ತಾಯಿಯೂ ತೀರಿಕೊಂಡಿದ್ದಳು. ಆಕೆಯ ಜೊತೆ ಹೋಗಿ ಆ ಕಲ್ಲಿಗೆ ಎಣ್ಣೆ ಎರೆದು ಬಂದಿದ್ದ ಮನೆಯ ಹೊರಗಿನವನೆಂದರೆ ಫೈನಿಯಾಸ್ ಒಬ್ಬನೇ.

“ಹೆದರ್ಬೇಡ್ವೋ. ನಿನ್ನಂಥ ಕೋಣನ್ನ ಬೇರೆ ಯಾವ ಊರೋರು ನಮ್ಮೋನು ಅಂತಾರೆ?” ಎಂದು ಫೈನಿಯಾಸ್ ನಕ್ಕಿದ್ದ.

ದೂರು ವಿಚಾರಿಸಲು ಸೇರಿದ ನಾಗರಿಕರ ಸಭೆಯಲ್ಲಿ ಮುಖಂಡ ಫೈನಿಯಾಸನನ್ನು ಕೇಳಿದ: “ಇವನ ತಾಯಿ ಯಾರ ಮಗಳು, ಗೊತ್ತೇನಪ್ಪ?”

“ಆಯಮ್ಮನ ಮಾತು ದ್ವೀಪದೋರ ಥರ ಇತ್ತು. ಜಾಸ್ತಿ ನಂಗೊತ್ತಿಲ್ಲ.”

“ಸಮಾಧಿ ನೋಡಿದ್ಯಲ್ಲೋ!” ಆರ್ಕಿಪ್ಪೋಸ್ ಕೂಗಿದ.

“ಯಾವ ಸಮಾಧಿ?”

ಜನ ಸಾಲಾಗಿ ಬಂದು ಮತದ ಹರಳು ಹಾಕಿದರು. ಆರ್ಕಿಪ್ಪೋಸ್ ಪರದೇಶಿಯಾದ. ನ್ಯಾಯಾಲಯಕ್ಕೆ ಹೋಗಿ ಸೋತರೆ ಗುಲಾಮನಾಗಿ ಮಾರಾಟವಾಗಬೇಕಿತ್ತು, ಬಾಯಿಮುಚ್ಚಿಕೊಂಡ.

ಹಬ್ಬದ ದಿನ ಪರದೇಶಿಗಳ ನಡುವೆ ಕುಳಿತು ನಾಟಕ ನೋಡಿದ. ಹಡಗೊಡೆದು ದಡ ಸೇರಿದ ಅನಾಥನೊಬ್ಬ ಊರಿನ ಆಸರೆ ಬೇಡುವ ಕಥೆ. “ಬಾ, ಇದು ನಿನ್ನದೇ ಊರು” ಎಂದು ಮೇಳ ಹಾಡಿತು. ಮುಂದಾಳಾಗಿ ನಿಂತಿದ್ದವನು ಫೈನಿಯಾಸ್. ಆರ್ಕಿಪ್ಪೋಸನ ವಿರುದ್ಧ ಹರಳು ಹಾಕಿದವರೇ ಮೇಲುಹೊದಿಕೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಫೈನಿಯಾಸ್ ಚೆನ್ನಾಗಿಯೇ ಹಾಡಿದ. ಆರ್ಕಿಪ್ಪೋಸನಿಗೆ ಅದನ್ನೇ ತಾಳಲಾಗಲಿಲ್ಲ.

ಮರುದಿನ ಫೈನಿಯಾಸ್ ಕುಂಬಾರಗೂಡಿಗೆ ಬಂದ. “ಎದುರು ಮೇಳದೋರು ನಿನ್ನ ಜಾಗ ಕೊಡಿಸ್ತೀವಿ ಅಂದ್ರು ಕಣೋ. ಆಸೆ ಬಿದ್ದೆ. ಪರದೇಶಿ ಇಲ್ಲಿರೋಕೆ ಒಬ್ಬ ನಾಗರಿಕನ ಆಸರೆ ಬೇಕಲ್ಲ, ನಾನೇ ನಿಲ್ತೀನಿ.”

“ನಮ್ಮವ್ವ ಯಾರ ಮಗಳು?”

ಫೈನಿಯಾಸ್ ಬೀದಿಯ ಕಡೆ ನೋಡಿ ದನಿ ತಗ್ಗಿಸಿದ. “ಟಿಮೊಡೆಮೋಸನ ಮಗಳು.”

“ಹೋಗು ಇಲ್ಲಿಂದ.”

ಆ ಬೇಸಿಗೆಯಲ್ಲಿ ಆರ್ಕಿಪ್ಪೋಸ್ ತನ್ನ ತಿಗರಿ ಚಕ್ರ ಮಾರಿ ಆಂಡ್ರೋಸಿಗೆ ಹಡಗು ಹತ್ತಿದ. ಅಲ್ಲಿ ಸಾಯುವವರೆಗೂ ಮಡಕೆ ಮಾಡಿದ. ದ್ವೀಪದ ಜನ ಅವನನ್ನು ಅಥೆನ್ಸಿನವನೆಂದೇ ಕರೆಯುತ್ತಿದ್ದರು.