ಅಣ್ಣನ ಅಂಗಡಿಯ ನೇರಳೆ ಆಯಿಲು

ಹಳೇ ಬೈಕುಗಳ ಬಿಡಿಭಾಗ ಮಾರುವ ಅವನನ್ನು ಬೈಕಿನ ಹುಚ್ಚಿರುವವರೆಲ್ಲ ಅಣ್ಣ ಅಂತಲೇ ಕರೆಯುತ್ತಿದ್ದರು. ಯಾವ ಗಾಡಿಗೆ ಯಾವ ನಟ್ಟು, ಯಾವ ಎಂಜಿನ್ನಿಗೆ ಯಾವ ಆಯಿಲು, ಎಲ್ಲಕ್ಕೂ ಅವನ ಬಾಯಲ್ಲಿ ಬಂದದ್ದೇ ಕೊನೆಯ ಮಾತು. ಹಾಗೆ ಕರೆಸಿಕೊಂಡು ಕರೆಸಿಕೊಂಡು ಅವನಿಗೂ ತಾನು ಎಲ್ಲರಿಗೂ ಹಿರಿಯ ಅನ್ನುವ ಗತ್ತು ಬಂದುಬಿಟ್ಟಿತ್ತು.

ಒಡಹುಟ್ಟಿದ ತಮ್ಮ ಒಬ್ಬನಿದ್ದ. ಅಪ್ಪ ಸತ್ತಮೇಲೆ ಅಪ್ಪನ ಬೈಕು ಅಣ್ಣನ ಪಾಲಿಗೆ ಬಂತು, ಅದನ್ನು ಒರೆಸುವ ಬಟ್ಟೆ ತಮ್ಮನ ಪಾಲಿಗೆ ಬಂತು. ವಾರವಾರವೂ ಬಂದು ತೊಳೆದು, ಉಜ್ಜಿ, ಮುಖ ಕಾಣುವ ಹಾಗೆ ಹೊಳೆಸಿಟ್ಟು ಹೋಗುತ್ತಿದ್ದ. "ಒಂದ್ ರೌಂಡ್ ಹೊಡ್ಕೊಂಡ್ ಬರ್ಲಾ ಅಣ್ಣಾ?" ಅಂದರೆ, "ನಿನ್ನ ಕೈಗೆ ಅಪ್ಪ ಸೈಕಲ್ ಕೊಡೋಕೂ ಹೆದರ್ತಿದ್ರು ಕಣೋ" ಅನ್ನುವ ಉತ್ತರ ಸಿದ್ಧವಾಗಿರುತ್ತಿತ್ತು. ಅಂಗಡಿಯಲ್ಲಿದ್ದವರು ನಗುತ್ತಿದ್ದರು. ಪಾಪ, ತಮ್ಮನೂ ನಗುತ್ತಿದ್ದ.

ಕೊನೆಗೆ ಅವನು ಗುಜರಿಯಿಂದ ತನ್ನದೇ ಒಂದು ಹಳೇ ಬೈಕು ತಂದ. ಎಂಜಿನ್ ಬಿಚ್ಚಿ ಕಟ್ಟಿದ. ಬ್ರೇಕಿನ ರಬ್ಬರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಟ್ಯಾಂಕಿಗೆ ತನ್ನ ಕೈಯಾರೆ ಕಡುಹಸಿರು ಬಣ್ಣ ಹೊಡೆದು, ಅದರ ಮೇಲೆ ಉಸಿರು ಬಿಗಿಹಿಡಿದು ಹೊಂಬಣ್ಣದ ಗೆರೆಯೊಂದನ್ನು ಎಳೆದ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಇದ್ದಬದ್ದ ಅಕ್ಕರೆಯನ್ನೆಲ್ಲ ಆ ಟ್ಯಾಂಕಿಗೇ ಸುರಿದ. ಉಳಿದದ್ದು ಬ್ರೇಕ್ ಆಯಿಲ್ ಒಂದೇ.

"ಯಾವುದು ಹಾಕ್ಲಿ ಅಣ್ಣಾ? ಸಾದಾದು ಹಾಕಿದ್ರೆ ಬ್ರೇಕೇನೋ ಚೆನ್ನಾಗೇ ಹಿಡಿಯುತ್ತೆ. ಆದ್ರೆ ಒಂದು ಹನಿ ಟ್ಯಾಂಕ್ ಮೇಲೆ ಬಿದ್ರೆ ಬಣ್ಣ ಎದ್ದು ಬರುತ್ತಲ್ಲ."

"ಹಂಗಾದ್ರೆ ಸಿಲಿಕೋನ್ ಹಾಕೋ, ನೇರಳೆ ಬಣ್ಣದ್ದು. ಪೇಂಟ್ ಮುಟ್ಟಲ್ಲ, ನೀರು ಹೀರಲ್ಲ. ಅಪ್ಪನ ಗಾಡಿಗೆ ನಾನು ಹಾಕಿರೋದೂ ಅದೇ. ಒಂದು ಮಾತ್ರ ನೆನಪಿಟ್ಕೋ, ಅದಕ್ಕೂ ಸಾದಾದಕ್ಕೂ ಆಗಿಬರಲ್ಲ. ಎರಡೂ ಸೇರಿದ್ರೆ ಒಳಗೆ ಗಸಿ ಕಟ್ಟುತ್ತೆ, ಬ್ರೇಕು ಕೈಕೊಡುತ್ತೆ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳು ಇದ್ದದ್ದು ಡಬ್ಬಿಯಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾದಾ ಆಯಿಲಿಗೆ ನೇರಳೆ ಬಣ್ಣ ಕಲಸಿ, ಹೊಸ ಡಬ್ಬಿಗೆ ತುಂಬಿ, ಸಿಲಿಕೋನ್ ಅಂತ ಚೀಟಿ ಅಂಟಿಸಿ ಮಾರುವುದು ಅಣ್ಣನ ಬಹುದಿನದ ಕಸುಬು. ಬ್ರೇಕು ಹೇಗೂ ಹಿಡಿಯುತ್ತದೆ, ಯಾರ ಗಂಟು ಹೋಯಿತು ಅನ್ನುವುದು ಅವನ ಸಮಾಧಾನ. ಅಸಲಿ ಆಯಿಲು ಕಪಾಟಿನೊಳಗೆ ಬೀಗದಲ್ಲಿತ್ತು, ಅದು ಅಪ್ಪನ ಗಾಡಿಗೆ ಮಾತ್ರ. ತಮ್ಮನಿಗಾದರೂ ಅದನ್ನು ಕೊಡಬಹುದಿತ್ತು. ಬೀಗದ ಕೈ ಜೇಬಿನಲ್ಲೇ ಇತ್ತು, ಕೈ ಮಾತ್ರ ಜೇಬಿಗೆ ಹೋಗಲಿಲ್ಲ. ಎದುರಿಗಿದ್ದ ನಕಲಿ ಡಬ್ಬಿಯನ್ನೇ ತಳ್ಳಿದ.

ಬೈಕಿನವರ ಸಂಘದ ವರ್ಷದ ಸವಾರಿ ಬಂತು. ಎಲ್ಲರ ಗಾಡಿಗಳನ್ನೂ ಲಾರಿಯಲ್ಲಿ ಗುಡ್ಡದ ತುದಿಗೆ ಸಾಗಿಸಿ, ಅಲ್ಲಿಂದ ಸಾಲಾಗಿ ಪೇಟೆಯವರೆಗೆ ಇಳಿದು ಬರುವುದು ಪದ್ಧತಿ. ತಮ್ಮ ಬೆಳಗ್ಗೆಯೇ ಅಣ್ಣನ ಗಾಡಿಯನ್ನೂ ತನ್ನದನ್ನೂ ಲಾರಿಗೆ ಏರಿಸಿ ತಂದಿದ್ದ. ಅಣ್ಣ ಹೆಂಡತಿಯ ಜೊತೆ ಕಾರಿನಲ್ಲಿ ಬಂದು ಇಳಿಯುವಷ್ಟರಲ್ಲಿ ಹಸಿರು ಟ್ಯಾಂಕಿನ ಸುತ್ತ ಜನ ಮುತ್ತಿಕೊಂಡಿದ್ದರು. ಇಷ್ಟು ವರ್ಷ ಜನ ಮುತ್ತುತ್ತಿದ್ದದ್ದು ಅಪ್ಪನ ಗಾಡಿಯನ್ನು.

ಸಂಘದ ಹಿರಿಯರಾದ ನಿವೃತ್ತ ಮೇಷ್ಟ್ರು ಗಾಡಿಯನ್ನು ಸುತ್ತಿ ನೋಡಿ, "ಬ್ರೇಕಿಗೆ ಏನು ಹಾಕಿದೀಯಪ್ಪಾ?" ಅಂದರು.

"ಅಣ್ಣನ ಅಂಗಡಿದು ಮೇಷ್ಟ್ರೇ. ನೇರಳೆದು."

"ಹುಷಾರು ಕಣಯ್ಯಾ. ಈಗೀಗ ನಕಲಿ ಬರ್ತಿದೆಯಂತೆ."

ತಮ್ಮನಿಗೆ ತನ್ನ ಕೆನ್ನೆಗೇ ಹೊಡೆದಂತಾಯಿತು. "ನಮ್ಮಣ್ಣನ ಅಂಗಡೀಲಿ ನಕಲಿನಾ? ನೀವೇ ನೋಡಿ ಬೇಕಾದ್ರೆ!" ಅಂತ ಬ್ರೇಕ್ ಆಯಿಲಿನ ಮುಚ್ಚಳ ತಿರುಗಿಸಿ, ಬೆರಳು ಅದ್ದಿ, ಟ್ಯಾಂಕಿನ ಮೇಲೆ ಎತ್ತಿ ಹಿಡಿದ.

ಅಣ್ಣ ಅಲ್ಲೇ ನಿಂತಿದ್ದ. ಬೇಡ ಕಣೋ ಅಂದಿದ್ದರೆ ಸಾಕಿತ್ತು. ಅಂದರೆ ಯಾಕೆ ಬೇಡ ಅಂತ ಕೇಳುತ್ತಾರೆ. ಹಾಗಾಗಿ ಬಾಟಲಿ ಎತ್ತಿ ನೀರು ಕುಡಿದ. ಹನಿ ಹೊಂಬಣ್ಣದ ಗೆರೆಯ ನಟ್ಟನಡುವೆ ಬಿತ್ತು.

ಎಲ್ಲರೂ ಚಹಾ ಕುಡಿದು ಬರುವಷ್ಟರಲ್ಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ತಮ್ಮ ಗಾಬರಿಯಿಂದ ಅಂಗಿಯ ತೋಳಿನಲ್ಲೇ ಒರೆಸಿದ. ಹಸಿರೂ ಹೊನ್ನೂ ಒಟ್ಟಿಗೆ ತೋಳಿಗೆ ಅಂಟಿಕೊಂಡು ಬಂದವು. ಕೆಳಗೆ ಬರೀ ತಗಡು.

ಎಲ್ಲರ ಕಣ್ಣೂ ಅಣ್ಣನ ಕಡೆ ತಿರುಗಿತು. ಅವನು ಗಟ್ಟಿಯಾಗಿ ನಕ್ಕ. "ನೋಡಿದ್ರಾ ಇವನ ಕೈಗುಣಾನ! ಪೇಂಟು ಒಣಗೋಕೂ ಬಿಟ್ಟಿಲ್ಲ. ಸಾದಾ ಆಯಿಲ್ ಮುಟ್ಟಿದ ಕೈನ ತೊಳ್ಕೊಂಡೂ ಇಲ್ಲ. ನನ್ನ ಡಬ್ಬಿ ಅಸಲಿ, ಅಪ್ಪನಾಣೆ."

ನಗು ಎದ್ದಿತು. ತಮ್ಮ ತಲೆ ತಗ್ಗಿಸಿದ. "ನಂದೇ ತಪ್ಪು ಅಣ್ಣಾ. ಆಯಿಲ್ ಮೇಲೆ ನಂಗೆ ಅನುಮಾನಾನೇ ಇಲ್ಲ. ಇದ್ದಿದ್ರೆ ಉಳಿದದ್ದನ್ನ ನಿನ್ನ ಗಾಡಿಗೆ ಹಾಕ್ತಿದ್ನಾ? ಅದರಲ್ಲಿದ್ದ ಹಳೇ ಆಯಿಲ್ ಮಬ್ಬಾಗಿತ್ತು. ಲಾರಿಗೆ ಏರಿಸೋ ಮುಂಚೆ ಅದನ್ನ ತೆಗೆದು, ಇದನ್ನ ತುಂಬಿದೆ. ಖುಷಿಪಡ್ತೀಯ ಅಂತ ಹೇಳಿರಲಿಲ್ಲ."

ಅಣ್ಣ ಅಪ್ಪನ ಗಾಡಿಯ ಹತ್ತಿರ ಹೋಗಿ ಲಿವರು ಒತ್ತಿದ. ನೆನೆದ ಸ್ಪಂಜು ಹಿಂಡಿದ ಹಾಗಿತ್ತು. ಮುಚ್ಚಳ ತೆರೆದು ನೋಡಿದ. ಕೊಳವೆಯಲ್ಲಿ ಉಳಿದಿದ್ದ ಅಸಲಿಯೂ ಮೇಲೆ ಸುರಿದ ನಕಲಿಯೂ ಸೇರಿ ನೇರಳೆ ಗಸಿ ಕಟ್ಟಿತ್ತು. ಹಿಂದಿನ ಚಕ್ರದ ಬ್ರೇಕು ಅಪ್ಪನ ಕಾಲದಿಂದಲೂ ಹೆಸರಿಗಷ್ಟೇ ಬ್ರೇಕು.

ಗಾಡಿ ಇವತ್ತು ಇಳಿಸಲ್ಲ ಅನ್ನುವಂತಿಲ್ಲ, ಆಣೆಯ ಬಿಸಿಯೇ ಇನ್ನೂ ಆರಿರಲಿಲ್ಲ. ತಾನೇ ಇಳಿಸುವಂತೆಯೂ ಇಲ್ಲ, ಜೀವದ ಮೇಲೆ ಆಸೆ ಇತ್ತು. ಅಷ್ಟರಲ್ಲಿ, ಬೋಳು ತಗಡಿನ ಮೇಲೆ ಬೆರಳಾಡಿಸುತ್ತ ಕಣ್ಣು ತುಂಬಿಕೊಂಡಿದ್ದ ತಮ್ಮ ಕಾಣಿಸಿದ. ಅವನು ಓಡಿಸಿ ಬಿದ್ದರೂ ಜನ ಅವನ ಕೈಗುಣವೇ ಅನ್ನುತ್ತಾರೆ. ಆ ಯೋಚನೆಗೆ ಅಣ್ಣನಿಗೆ ನಾಚಿಕೆ ಆಗಲಿಲ್ಲ, ಎದೆ ಹಗುರಾಯಿತು.

"ಲೋ, ಅಳಬೇಡ ಬಾ" ಅಂತ ತಮ್ಮನ ಹೆಗಲ ಮೇಲೆ ಕೈಹಾಕಿದ. "ಇವತ್ತು ಅಪ್ಪನ ಗಾಡಿ ನೀನು ಓಡಿಸು. ನಿಂದನ್ನ ನಾನು ತರ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ಅಣ್ಣನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ಸಾಲು ಹೊರಡುವ ಹೊತ್ತಿಗೆ ಅಣ್ಣನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದವಳು ನೆಟ್ಟಗೆ ಮೈದುನನ ಹಿಂದೆ ಹತ್ತಿ ಕೂತಳು. "ರೀ, ಆ ಸಿಪ್ಪೆ ಸುಲಿದ ಗಾಡಿ ಮೇಲೆ ನಾನು ಕೂರಲ್ಲ. ನನ್ನ ಸೀಟು ಇದೇ."

ಅಣ್ಣ ಅವಳ ತೋಳು ಹಿಡಿದೆಳೆದ. "ಇಳಿಯೇ ಕೆಳಗೆ. ಊದ್ಕೊಂಡಿದೀಯ, ಗಾಡಿ ತಡೆಯಲ್ಲ. ಕಾರಲ್ಲಿ ಬಾ."

ಎಲ್ಲರೂ ನಕ್ಕರು. ಇಂಥ ಮಾತು ಕೇಳಿ ಕೇಳಿ ಮೈ ಜಡ್ಡುಗಟ್ಟಿದ್ದ ಅವಳೂ ನಕ್ಕಳು. "ಇಷ್ಟು ವರ್ಷ ತಡೆದಿದೆ, ಇವತ್ತೂ ತಡೆಯುತ್ತೆ ಬಿಡಿ. ನಡಿಯಪ್ಪಾ ನೀನು, ನಿಧಾನಕ್ಕೆ."

"ಬಿಗಿಯಾಗಿ ಹಿಡ್ಕೊಳ್ಳಿ ಅತ್ತಿಗೆ" ಅಂದ ತಮ್ಮ. ಅವನ ಮುಖದಲ್ಲಿ ಅಂಥ ಸಂತೋಷವನ್ನು ಯಾರೂ ಕಂಡಿರಲಿಲ್ಲ.

ಆಯಿಲು ನಕಲಿ. ಎರಡೇ ಮಾತು. ನಾಲಗೆಯ ತುದಿಗೆ ಬಂದಿತ್ತು. ಅಣ್ಣ ಸುತ್ತಲೂ ನಿಂತವರ ಮುಖ ನೋಡಿದ. ಅಲ್ಲಿದ್ದ ಒಬ್ಬೊಬ್ಬರ ಮನೆಯಲ್ಲೂ ತನ್ನ ಡಬ್ಬಿ ಇತ್ತು. ನುಂಗಿಕೊಂಡ. ಎಂಜಿನ್ ಗುಡುಗಿತು, ಅಪ್ಪನ ಗಾಡಿ ಇಳಿಜಾರಿಗೆ ತಿರುಗಿತು. ಕೆಳಗೆ ರಸ್ತೆ ಒಮ್ಮೆಗೇ ಎಡಕ್ಕೆ ಹೊರಳುವಲ್ಲಿ ಮೋಟುಗೋಡೆ, ಅದರಾಚೆ ಆಕಾಶ. ಹೆಂಡತಿಯ ಸೆರಗು ಗಾಳಿಗೆ ಬಿಚ್ಚಿಕೊಂಡದ್ದು ಕಂಡಿತು. ಆಗ ಅವನಿಗೆ ತಡೆಯಲಾಗಲಿಲ್ಲ. "ನಿಲ್ಸೋ! ಏಯ್, ನಿಲ್ಸೋ!" ಅಂತ ಕಿರುಚುತ್ತ ಓಡಿದ.

ತಮ್ಮ ಹುಟ್ಟಿದಾಗಿನಿಂದ ಅಣ್ಣನ ಮಾತು ಮೀರಿದವನಲ್ಲ. ಎಂಜಿನ್ನಿನ ಆ ಸದ್ದಿನಲ್ಲೂ ಕೂಗು ಅವನಿಗೆ ಕೇಳಿಸಿತು. ಏನೋ ಮರೆತಿರಬೇಕು ಅಂದುಕೊಂಡು ಕೂಡಲೇ ಬ್ರೇಕು ಹಿಡಿದ. ಲಿವರು ಸಲೀಸಾಗಿ ಹೋಗಿ ಹಿಡಿಗೆ ತಾಗಿತು.